ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ: ಡಾವಿಂಚಿಗೆ ಎದುರಾಳಿಗಳು ಬಂದರು, ಬಿಲ್ಲು ಇಳಿದೀತೆ?

ಸುಮಾರು ಎರಡು ದಶಕಗಳ ಕಾಲ ರೋಬೋಟಿಕ್ ಶಸ್ತ್ರಚಿಕಿತ್ಸೆ ಎಂದರೆ ಡಾವಿಂಚಿ ಎಂಬಂತಾಗಿತ್ತು. ಅಮೆರಿಕದ ಇನ್‌ಟ್ಯೂಟಿವ್ ಸರ್ಜಿಕಲ್ ಕಂಪನಿಯ ಈ ಯಂತ್ರಕ್ಕೆ ಅಲ್ಲಿನ ಎಫ್‌ಡಿಎ 2000ದಲ್ಲಿ ಅನುಮತಿ ನೀಡಿತು. ಆಗ ಅದಕ್ಕೆ ಜೀಯಸ್ ಎಂಬ ಪ್ರತಿಸ್ಪರ್ಧಿಯೂ ಇತ್ತು. 2001ರಲ್ಲಿ ನ್ಯೂಯಾರ್ಕಿನಲ್ಲಿ ಕುಳಿತ ವೈದ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶವನ್ನು ತೆಗೆದದ್ದು ಇದೇ ಜೀಯಸ್ ಮೂಲಕ. 2003ರಲ್ಲಿ ಅದರ ತಯಾರಕ ಕಂಪನಿ ಇನ್‌ಟ್ಯೂಟಿವ್‌ನಲ್ಲಿ ವಿಲೀನಗೊಂಡಿತು; ಜೀಯಸ್ ಮೂಲೆ ಸೇರಿತು. ಬೆಲೆ ನಿಗದಿ ಒಬ್ಬರ ಕೈಗೆ ಹೋಯಿತು.

ಡಾವಿಂಚಿ ನೆಲೆಯೂರಲು ಮುಖ್ಯ ಕಾರಣ ಪ್ರಾಸ್ಟೇಟ್ ಕ್ಯಾನ್ಸರ್. ಮೂತ್ರಕೋಶದ ಬುಡದಲ್ಲಿ, ಕಿಬ್ಬೊಟ್ಟೆಯ ಆಳದಲ್ಲಿ ಅಡಗಿರುವ ಈ ಗ್ರಂಥಿಯ ಪಕ್ಕದಲ್ಲೇ ಲೈಂಗಿಕ ಸಾಮರ್ಥ್ಯದ ನರಗಳಿವೆ, ಕೆಳಗೆ ಮೂತ್ರ ಹಿಡಿದಿಡುವ ಸ್ನಾಯುವಿದೆ. ಮೂರು ಆಯಾಮದ ಹಿಗ್ಗಿಸಿದ ನೋಟ, ಮಣಿಕಟ್ಟಿನಂತೆ ತಿರುಗುವ ಉಪಕರಣಗಳು ಇಲ್ಲಿ ನಿಜಕ್ಕೂ ಉಪಯುಕ್ತ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಭಾರತೀಯ ಮೂಲದ ಡಾ. ಮಣಿ ಮೆನನ್ ಈ ವಿಧಾನಕ್ಕೆ ರೂಪ ಕೊಟ್ಟು ಜನಪ್ರಿಯಗೊಳಿಸಿದರು. ಅಂದಹಾಗೆ, ‘ರೋಬೋಟ್’ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಪ್ರತಿ ಚಲನೆಯೂ ವೈದ್ಯರದ್ದೇ.

ಈಗ ಚಿತ್ರ ಬದಲಾಗಿದೆ. ಬ್ರಿಟನ್ನಿನ ವರ್ಸಿಯಸ್ 2019ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಮೆಡ್‌ಟ್ರಾನಿಕ್‌ನ ಹ್ಯೂಗೋ 2021ರಲ್ಲಿ ಚಿಲಿಯಲ್ಲಿ ತನ್ನ ಮೊದಲ ರೋಗಿಯ ಪ್ರಾಸ್ಟೇಟ್ ತೆಗೆಯಿತು. ಅದೇ ವರ್ಷ ಚೆನ್ನೈನ ಅಪೊಲೊ ಆಸ್ಪತ್ರೆಗೂ ಬಂದಿತು. ಗುರುಗ್ರಾಮದ ಎಸ್‌ಎಸ್ ಇನ್ನೊವೇಶನ್ಸ್ ನಿರ್ಮಿತ ಮಂತ್ರಾ ಯಂತ್ರಕ್ಕೆ 2022ರಲ್ಲಿ ದೇಶೀಯ ಪರವಾನಗಿ ದೊರೆಯಿತು. ಡಾವಿಂಚಿಯಲ್ಲಿ ನಾಲ್ಕು ತೋಳುಗಳು ಒಂದೇ ಸ್ತಂಭದಿಂದ ಚಾಚಿಕೊಂಡಿದ್ದರೆ, ಹೊಸಬರಲ್ಲಿ ಪ್ರತಿ ತೋಳಿಗೂ ಪ್ರತ್ಯೇಕ ಗಾಲಿಗಳ ನಿಲುವುಂಟು. ಡಾವಿಂಚಿಯ ವೈದ್ಯರು ಪೆಟ್ಟಿಗೆಯೊಳಗೆ ಮುಖವಿಟ್ಟು ನೋಡುತ್ತಾರೆ. ಹ್ಯೂಗೋ, ಮಂತ್ರಾಗಳಲ್ಲಿ ಮೂರು ಆಯಾಮದ ಕನ್ನಡಕ ಧರಿಸಿ ತೆರೆದ ಪರದೆ ನೋಡುತ್ತಾರೆ. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾವಿಂಚಿ 5, ಅಂಗಾಂಶದ ಮೇಲೆ ಬೀಳುವ ಒತ್ತಡವನ್ನು ಕೈಗೆ ತಿಳಿಸುತ್ತದೆ.

ಇದರಿಂದ ರೋಗಿಗೆ ಆಗುವ ವ್ಯತ್ಯಾಸವೇನು? ಯಂತ್ರ-ಯಂತ್ರಗಳ ನಡುವಣ ಹೋಲಿಕೆಗಳಲ್ಲಿ ಹೆಚ್ಚಿನವು ಸಣ್ಣ ಅಧ್ಯಯನಗಳು. ಅವುಗಳಲ್ಲಿ ದೊಡ್ಡ ಅಂತರವೇನೂ ಕಂಡಿಲ್ಲ. ಅದಕ್ಕಿಂತ ಮುಖ್ಯವಾದುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 326 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗ. 2016ರಲ್ಲಿ, ಮತ್ತೆ 2018ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಮೂತ್ರ ನಿಯಂತ್ರಣ ಹಾಗೂ ಲೈಂಗಿಕ ಸಾಮರ್ಥ್ಯದಲ್ಲಿ ತೆರೆದ ಶಸ್ತ್ರಚಿಕಿತ್ಸೆಗೂ ರೋಬೋಟಿಗೂ ಗಣನೀಯ ಭೇದವಿರಲಿಲ್ಲ. ರಕ್ತಸ್ರಾವ ಮಾತ್ರ ರೋಬೋಟಿನಲ್ಲಿ ಮೂರನೇ ಒಂದು ಭಾಗದಷ್ಟಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ತೆರೆದ ವಿಧಾನದ ವೈದ್ಯರ ಅನುಭವ ರೋಬೋಟ್ ವೈದ್ಯರದ್ದಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. 2021ರ ಜರ್ಮನ್ ಪ್ರಯೋಗವೊಂದು ಸಾಮಾನ್ಯ ಲ್ಯಾಪರೋಸ್ಕೋಪಿಗೆ ಹೋಲಿಸಿದಾಗ, ಮೂರು ತಿಂಗಳ ಹೊತ್ತಿಗೆ ಮೂತ್ರ ನಿಯಂತ್ರಣದಲ್ಲಿ ರೋಬೋಟ್ ತುಸು ಮುಂದಿರುವುದನ್ನು ತೋರಿತು.

ಇನ್ನು ಹಣದ ಮಾತು. ಮಂತ್ರಾ ಡಾವಿಂಚಿಗಿಂತ ಅಗ್ಗ ಎಂಬುದೇ ಅದರ ತಯಾರಕರ ಪ್ರಮುಖ ವಾದ. ಆದರೆ ಯಂತ್ರದ ಬೆಲೆಯೊಂದೇ ಬಿಲ್ಲನ್ನು ನಿರ್ಧರಿಸುವುದಿಲ್ಲ. ಡಾವಿಂಚಿಯ ಉಪಕರಣಗಳನ್ನು ಬಹುಕಾಲ ಹತ್ತು ಬಾರಿಯಷ್ಟೇ ಬಳಸಬಹುದಾಗಿತ್ತು, ಲೆಕ್ಕವನ್ನು ಅದರಲ್ಲಿನ ಚಿಪ್ಪೇ ಇಡುತ್ತಿತ್ತು. 2020ರಲ್ಲಿ ಕಂಪನಿ ಕೆಲವುಗಳ ಮಿತಿ ಹೆಚ್ಚಿಸಿತು. ಈ ಖರ್ಚು ಮತ್ತು ವಾರ್ಷಿಕ ನಿರ್ವಹಣೆಯ ಮೊತ್ತ ಕೊನೆಗೆ ರೋಗಿಯ ತಲೆಗೇ ಬರುತ್ತವೆ. ಆಸ್ಪತ್ರೆ ಅಗ್ಗದ ಯಂತ್ರ ಕೊಂಡು ಹಳೆಯ ದರವನ್ನೇ ಮುಂದುವರಿಸಿದರೆ ಕೇಳುವವರಾರು? ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೋಬೋಟಿಕ್ ಚಿಕಿತ್ಸೆಯನ್ನು ಪಾಲಿಸಿಯಿಂದ ಹೊರಗಿಡಬಾರದೆಂದು ಸೂಚಿಸಿತಾದರೂ ಉಪಮಿತಿ ಹೇರಲು ಕಂಪನಿಗಳಿಗೆ ಅವಕಾಶ ಬಿಟ್ಟಿತು. ಐದು ಲಕ್ಷದ ಪಾಲಿಸಿ ಇದ್ದವರಿಗೂ ಆ ಉಪಮಿತಿಯ ಸಾಲು ದಾಖಲಾಗುವ ದಿನವಷ್ಟೇ ಕಣ್ಣಿಗೆ ಬೀಳಬಹುದು.

ಬೆಂಗಳೂರಿನ ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಯಂತ್ರದ ಚಿತ್ರ ದೊಡ್ಡದಾಗಿರುತ್ತದೆ. ಆ ವೈದ್ಯರು ಅದರಲ್ಲಿ ಎಷ್ಟು ಪ್ರಾಸ್ಟೇಟ್ ತೆಗೆದಿದ್ದಾರೆ, ವರ್ಷದ ನಂತರ ಎಷ್ಟು ಮಂದಿಗೆ ಪ್ಯಾಡ್ ಬೇಕಾಗಿಲ್ಲ ಎಂಬ ಅಂಕಿಗಳು ಅಲ್ಲಿ ಇರುವುದಿಲ್ಲ. ಕೇಳಿದರೆ ಹೇಳಲೇಬೇಕೆಂಬ ನಿಯಮವಾದರೂ ಆಗಬೇಕು.