ಜಾಮೀನು ನಿಂತ ಸರ್ಕಾರ

ಸಾಲ ಕೊಡುವವನಿಗೆ ಬಡ್ಡಿಯಾದರೂ ದೊರೆಯುತ್ತದೆ. ಜಾಮೀನು ನಿಲ್ಲುವವನಿಗೆ ದೊರೆಯುವುದೇನೂ ಇಲ್ಲ. ಸಾಲಗಾರ ತಪ್ಪಿದರೆ ನಷ್ಟ ಮಾತ್ರ ಅವನ ಪಾಲಿಗೆ. ಆದುದರಿಂದಲೇ ಒಬ್ಬರಿಗೆ ಜಾಮೀನು ನಿಲ್ಲುವುದೆಂದರೆ ಅವರ ಮಾತನ್ನು ತನ್ನ ಮಾತೆಂದು ಒಪ್ಪಿಕೊಂಡಂತೆ. ಯುದ್ಧದಿಂದ ಮರಳಿದ ಸೈನಿಕರಿಗೆ ಒಂದು ಸರ್ಕಾರವೇ ಹೀಗೆ ಜಾಮೀನು ನಿಂತ ವಿಷಯವನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ೧೯೪೪ರ ಜೂನ್ ೨೨ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಸೈನಿಕರ ಪುನರ್ವಸತಿಗಾಗಿ ಒಂದು ಕಾಯಿದೆಗೆ ಅಂಕಿತ ಹಾಕಿದರು. ಜನರ ಬಾಯಲ್ಲಿ ಅದು 'ಜಿ.ಐ. ಬಿಲ್' ಎಂದು ಹೆಸರಾಯಿತು. ದುಡಿದು ಹಣ ಕೂಡಿಡಬೇಕಾದ ವಯಸ್ಸನ್ನು ರಣರಂಗದಲ್ಲಿ ಕಳೆದ ತರುಣರ ಕೈಯಲ್ಲಿ ಮನೆಗೆ ಮುಂಗಡ ಕೊಡುವಷ್ಟು ಹಣವೆಲ್ಲಿಂದ ಬರಬೇಕು? ಅಂಥವರ ಸಾಲದ ಅರ್ಧಭಾಗಕ್ಕೆ, ೨,೦೦೦ ಡಾಲರ್ ಮೀರದಂತೆ, ಸರ್ಕಾರವೇ ಹೊಣೆಯಾಯಿತು. ೧೯೪೫ರ ಡಿಸೆಂಬರಿನಲ್ಲಿ ಆ ಮಿತಿಯನ್ನು ೪,೦೦೦ ಡಾಲರಿಗೆ ಏರಿಸಲಾಯಿತು. ಅಂದಿನಿಂದ ಇಂದಿನವರೆಗೆ ಹೀಗೆ ಜಾಮೀನು ಪಡೆದ ಸಾಲಗಳ ಸಂಖ್ಯೆ ಎರಡೂವರೆ ಕೋಟಿಯನ್ನು ದಾಟಿದೆ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟವಾಗಿ ತಿಳಿಯಬೇಕು. ಸಾಮಾನ್ಯವಾಗಿ ಹಣ ಕೊಡುವುದು ಬ್ಯಾಂಕು ಅಥವಾ ಸಾಲಸಂಸ್ಥೆ. ಸರ್ಕಾರ ಅದರ ಒಂದು ಭಾಗಕ್ಕೆ, ಇಂದು ಸಾಧಾರಣವಾಗಿ ಕಾಲುಭಾಗಕ್ಕೆ, ಜಾಮೀನು ಮಾತ್ರ. ಆ ಭರವಸೆಯ ಬಲದಿಂದಲೇ ಮುಂಗಡವಿಲ್ಲದೆ ಸಾಲ ದೊರೆಯುತ್ತದೆ. ಆದರೆ ಸಾಲಗಾರನ ಆದಾಯವನ್ನು ಬ್ಯಾಂಕು ಪರಿಶೀಲಿಸದೆ ಬಿಡುವುದಿಲ್ಲ. ಕಂತು ತಪ್ಪುತ್ತಾ ಹೋದರೆ ಮನೆ ಕೈಬಿಟ್ಟು ಹೋಗುವ ಭಯವೂ ತಪ್ಪಿದ್ದಲ್ಲ. ಜಾಮೀನು ಸಾಲದ ಬಾಗಿಲನ್ನು ತೆರೆಯುತ್ತದೆ, ಸಾಲವನ್ನು ತೀರಿಸುವುದಿಲ್ಲ.

ಈ ವ್ಯವಸ್ಥೆ ನಡೆಯಲೆಂದು ಸಾಲ ಪಡೆಯುವವರಿಂದ ಒಂದು ಶುಲ್ಕವನ್ನು ವಸೂಲು ಮಾಡುತ್ತಾರೆ. ೨೦೨೩ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ, ಮುಂಗಡವಿಲ್ಲದೆ ಮೊದಲ ಸಲ ಮನೆ ಕೊಳ್ಳುವವರು ಸಾಲದ ಶೇಕಡ ೨.೧೫ರಷ್ಟು ಕೊಡಬೇಕು. ಮೂರು ಲಕ್ಷ ಡಾಲರ್ ಸಾಲಕ್ಕೆ ಇದು ೬,೪೫೦ ಡಾಲರ್ ಆಗುತ್ತದೆ. ಆದರೆ ಸೇವೆಯ ಕಾರಣದಿಂದ ಅಂಗವೈಕಲ್ಯಕ್ಕೆ ಒಳಗಾಗಿ ಪರಿಹಾರಧನ ಪಡೆಯುತ್ತಿರುವ ಮಾಜಿ ಸೈನಿಕರಿಗೆ ಈ ಶುಲ್ಕ ಇಲ್ಲವೇ ಇಲ್ಲ. ವೈಕಲ್ಯ ಶೇಕಡ ೧೦ ಎಂದು ನಿರ್ಣಯವಾಗಿ ಪರಿಹಾರ ಬರುತ್ತಿದ್ದರೂ ಸಾಕು. ಸಾಲ ಪಡೆದ ಅನಂತರ ಪರಿಹಾರ ಮಂಜೂರಾಗಿ, ಅದು ಸಾಲದ ದಿನಾಂಕಕ್ಕಿಂತ ಹಿಂದಿನಿಂದ ಅನ್ವಯವಾದರೆ, ಕಟ್ಟಿದ ಶುಲ್ಕವನ್ನು ಮರಳಿ ಪಡೆಯಬಹುದು.

ಆದರೂ ಕಾಲುಗಳ ಶಕ್ತಿ ಕಳೆದುಕೊಂಡವನಿಗೆ ಸಾಲವೊಂದು ಸಿಕ್ಕರೆ ಸಾಕೆ? ಕೊಂಡ ಮನೆಯ ಬಾಗಿಲಲ್ಲಿ ಗಾಲಿಕುರ್ಚಿ ತೂರದಿದ್ದರೆ, ಬಚ್ಚಲುಮನೆಗೆ ಮೆಟ್ಟಿಲು ಇಳಿಯಬೇಕಾಗಿದ್ದರೆ, ತನ್ನ ಮನೆಯಲ್ಲಿಯೇ ಅವನು ಪರಾಧೀನ. ಇದನ್ನರಿತು ೧೯೪೮ರಲ್ಲಿ ಮತ್ತೊಂದು ಕಾಯಿದೆ ಬಂತು. ಅಂಥವರಿಗೆ ಒಗ್ಗುವ ಮನೆಯ ವೆಚ್ಚದಲ್ಲಿ ಅರ್ಧವನ್ನು, ೧೦,೦೦೦ ಡಾಲರ್‌ವರೆಗೆ, ಸರ್ಕಾರ ಅನುದಾನವಾಗಿ ಕೊಟ್ಟಿತು. ಇದು ಸಾಲವಲ್ಲ, ಹಿಂದಿರುಗಿಸಬೇಕಾದ ಹಣವಲ್ಲ. ತೀವ್ರ ವೈಕಲ್ಯವುಳ್ಳವರಿಗೆ ದೊರೆಯುವ ಈ ಅನುದಾನದ ಗರಿಷ್ಠ ಮೊತ್ತ ೨೦೨೫ರ ಆರ್ಥಿಕ ವರ್ಷದಲ್ಲಿ ೧,೨೧,೮೧೨ ಡಾಲರ್ ಆಗಿತ್ತು.

ಇಷ್ಟಾದರೂ ಈ ಇತಿಹಾಸಕ್ಕೆ ಒಂದು ಕಪ್ಪು ಚುಕ್ಕೆಯಿದೆ. ಕಾಯಿದೆಯಲ್ಲಿ ಬಣ್ಣದ ಭೇದವಿರಲಿಲ್ಲ. ಸಾಲ ಕೊಡುವವರ ಮನಸ್ಸಿನಲ್ಲಿತ್ತು. ೧೯೪೭ರಲ್ಲಿ ಮಿಸಿಸಿಪ್ಪಿ ರಾಜ್ಯದ ಪಟ್ಟಣಗಳಲ್ಲಿ ನಡೆದ ಸಮೀಕ್ಷೆಯೊಂದು ಕಂಡಂತೆ, ಸರ್ಕಾರದ ಜಾಮೀನಿನ ಮೇಲೆ ಕೊಟ್ಟ ೩,೨೨೯ ಸಾಲಗಳಲ್ಲಿ ಕಪ್ಪು ಜನಾಂಗದ ಸೈನಿಕರಿಗೆ ದೊರೆತವು ಎರಡು ಮಾತ್ರ. ಒಂದೇ ಯುದ್ಧದಲ್ಲಿ ಒಂದೇ ಧ್ವಜಕ್ಕಾಗಿ ನೆತ್ತರು ಸುರಿಸಿದವರಲ್ಲಿ ಒಬ್ಬನಿಗೆ ಮನೆ, ಇನ್ನೊಬ್ಬನಿಗೆ ಮುಚ್ಚಿದ ಬಾಗಿಲು. ಮನೆಯೇ ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯಾದುದರಿಂದ ಆ ಅನ್ಯಾಯದ ಫಲವನ್ನು ಮುಂದಿನ ಪೀಳಿಗೆಗಳೂ ಉಣ್ಣಬೇಕಾಯಿತು. ಜಾಮೀನು ಎಷ್ಟೇ ದೊಡ್ಡವರದಾಗಿರಲಿ, ಅದನ್ನು ಒಪ್ಪಿಕೊಳ್ಳುವವನಲ್ಲಿ ಸಮದೃಷ್ಟಿ ಇಲ್ಲದಿದ್ದರೆ ಅದು ಬರಿಯ ಕಾಗದ.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದುದು ಇಷ್ಟು. ದೇಹವನ್ನೇ ಒಪ್ಪಿಸಿ ದುಡಿದವರಿಗೆ ಸಲ್ಲಬೇಕಾದುದು ಕನಿಕರವಲ್ಲ, ಹಕ್ಕು. ಕನಿಕರ ಕೊಡುವವನ ಮನಸ್ಸಿನಂತೆ ಏರಿಳಿಯುತ್ತದೆ; ಹಕ್ಕು ಬರಹದಲ್ಲಿ ನಿಲ್ಲುತ್ತದೆ, ತಪ್ಪಿದಾಗ ಕೇಳಲು ಬರುತ್ತದೆ. ಆದರೆ ಕೇಳುವವರಿಗೆ ಅದು ತಿಳಿದಿರಬೇಕು. ಅಮೆರಿಕದಲ್ಲಿ ನೆಲೆಸಿದ ಬಂಧುಗಳ ಮನೆಗಳಲ್ಲಿ ಯಾರಾದರೂ ಅಲ್ಲಿನ ಸೇನೆಯಲ್ಲಿ ಸೇವೆ ಸಲ್ಲಿಸಿದ್ದರೆ, ಮನೆ ಕೊಳ್ಳುವ ಮೊದಲು ಅರ್ಹತಾ ಪತ್ರವನ್ನು ಪಡೆಯಲಿ. ಪರಿಹಾರಧನದ ಆದೇಶವನ್ನು ಜೋಪಾನವಾಗಿಡಲಿ. ಶುಲ್ಕದ ವಿನಾಯಿತಿಯನ್ನು ಬಾಯಿಬಿಟ್ಟು ಕೇಳಲಿ. ಸೇವೆಯ ಕಾರಣದಿಂದ ಮಡಿದವರ ಪತ್ನಿ ಅಥವಾ ಪತಿಗೂ ನಿಯಮಾನುಸಾರ ಈ ಸೌಲಭ್ಯವುಂಟೆಂಬುದನ್ನು ಮರೆಯದಿರಲಿ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಸರ್ಕಾರದ ಹೊಣೆಯಾದರೆ, ಆ ಮಾತನ್ನು ನೆನಪಿಸುವುದು ಮನೆಯವರ ಹೊಣೆ.