ಕೈಗೆ ತಕ್ಕ ಆಟಿಕೆ

ಮಕ್ಕಳಿಗೆ ಆಟ ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಣ್ಣು ಕಾಣದ, ಕೈ ಸ್ವಾಧೀನದಲ್ಲಿಲ್ಲದ ಮಗುವಿನ ಮಾತು ಬಂದಾಗ ನಾವು ಔಷಧವನ್ನು ನೆನೆಯುತ್ತೇವೆ, ಮಾಸಾಶನವನ್ನು ನೆನೆಯುತ್ತೇವೆ, ಹೆಚ್ಚೆಂದರೆ ಶಾಲೆಯನ್ನು ನೆನೆಯುತ್ತೇವೆ. ಆಟವನ್ನು ನೆನೆಯುವವರು ವಿರಳ. “ಪಾಪ, ಅದು ಹೇಗೆ ಆಡೀತು?” ಎಂದು ಮರುಗಿ ಸುಮ್ಮನಾಗುತ್ತೇವೆ. ಆ ಮರುಕದಲ್ಲಿ ಒಂದು ತಪ್ಪು ಎಣಿಕೆ ಅಡಗಿದೆ. ಆಟಿಕೆ ಒಗ್ಗದಿದ್ದರೆ ಕೊರತೆ ಮಗುವಿನದೆಂದು ತಿಳಿಯುತ್ತೇವೆ, ಆಟಿಕೆಯದೆಂದು ತಿಳಿಯುವುದಿಲ್ಲ. ಮೆಟ್ಟು ಕಚ್ಚಿದರೆ ಮೆಟ್ಟನ್ನು ಸರಿಪಡಿಸುತ್ತೇವೆಯೇ ಹೊರತು ಕಾಲನ್ನು ದೂರುವುದಿಲ್ಲವಷ್ಟೆ. ಆಟಿಕೆಗೂ ಅದೇ ನ್ಯಾಯ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಚೆಂಡನ್ನೇ ನೋಡೋಣ. ಅಂಧರ ಕ್ರಿಕೆಟ್ಟಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ. ಉರುಳಿದರೆ ಗಲಗಲ ಸದ್ದಾಗುತ್ತದೆ. ಬೌಲರು ಕೈಯನ್ನು ಮೇಲೆತ್ತಿ ಎಸೆಯದೆ, ತಗ್ಗಿಸಿ ಬಿಡುತ್ತಾನೆ. ಮುಖ್ಯವಾಗಿ ಬದಲಾದದ್ದು ಇಷ್ಟೆ. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ಅವರ ನಾಯಕತ್ವದಲ್ಲಿ ಭಾರತ ತಂಡವು 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅಂಧರ ಚದುರಂಗದ ಹಲಗೆಯಲ್ಲಿ ಕಪ್ಪು ಮನೆಗಳು ತುಸು ಉಬ್ಬಿರುತ್ತವೆ, ಕಾಯಿಗಳು ತೂತಿನಲ್ಲಿ ನಾಟಿಕೊಂಡು ನಿಲ್ಲುತ್ತವೆ. ತಡವಿ ನೋಡಿದರೂ ಉರುಳುವುದಿಲ್ಲ. ಆಟದ ಬುದ್ಧಿ, ಹುರುಪು, ಸೋಲು ಗೆಲವು ಇವಾವುವೂ ಇದರಿಂದ ಕುಂದಲಿಲ್ಲ. ಸಲಕರಣೆ ಬದಲಾಯಿತು, ಆಟ ಬದಲಾಗಲಿಲ್ಲ.

ಇಂಥವು ದೂರದ ಕಾರ್ಖಾನೆಗಳಿಂದಲೇ ಬರಬೇಕೆಂದು ತಿಳಿಯಬೇಕಾಗಿಲ್ಲ. ನಮ್ಮ ಅಜ್ಜಿಯರ ಅಳಗುಳಿಮಣೆಯನ್ನು ನೆನೆಯಿರಿ: ಎರಡು ಸಾಲು, ಸಾಲಿಗೆ ಏಳು ಗುಳಿ. ಬೆರಳಿಗೆ ಗುಳಿಯೂ ಸಿಕ್ಕುತ್ತದೆ, ಕಾಯಿಗಳ ಎಣಿಕೆಯೂ ಸಿಕ್ಕುತ್ತದೆ. ಕಣ್ಣಿಲ್ಲದ ಮಗುವಿಗೆಂದೇ ಮಾಡಿದಂತಿದೆ. ಕೈ ನಡುಗುವ ಮಗುವಿಗಾದರೆ ಗುಳಿಯನ್ನು ಅಗಲಮಾಡಿ, ಹುಣಿಸೆಬೀಜದ ಬದಲು ದಪ್ಪನೆಯ ಗಜ್ಜುಗವನ್ನು ಕೊಟ್ಟರೆ ಸಾಕು. ಚೌಕಾಬಾರದಲ್ಲಿ ಕವಡೆ ಕವುಚಿದೆಯೋ ಅಂಗಾತವಾಗಿದೆಯೋ ಎಂಬುದನ್ನು ಬೆರಳೇ ಹೇಳುತ್ತದೆ. ಗೆರೆಗಳ ಮೇಲೆ ಹುರಿದಾರವನ್ನು ಅಂಟಿಸಿ, ಕಾಯಿಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿದರೆ ಕಂಡವನೂ ಕಾಣದವನೂ ಸರಿಸಮನಾಗಿ ಕೂತು ಆಡಬಹುದು. ಬಟ್ಟೆಯ ಚೆಂಡಿನೊಳಗೆ ಗೆಜ್ಜೆ ಹೊಲಿಯಲು, ಗಿಲಕಿಯ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ದಪ್ಪಮಾಡಲು ಎಷ್ಟು ಹೊತ್ತು ಬೇಕು?

ಬ್ಯಾಟರಿಯ ಬೊಂಬೆಯದೂ ಇದೇ ಕಥೆ. ಅದರ ಗುಂಡಿ ಕಡಲೆಕಾಳಿನಷ್ಟು; ಸೆರೆಬ್ರಲ್ ಪಾಲ್ಸಿಯಿಂದ ಕೈ ಬಿಗಿದ ಮಗುವಿಗೆ ಅದು ನಿಲುಕದು. ಎರಡು ತೆಳು ತಾಮ್ರದ ತಗಡುಗಳ ನಡುವೆ ರಟ್ಟಿನ ಚೂರಿಟ್ಟು, ಅದನ್ನು ಬ್ಯಾಟರಿಗೂ ಅದು ತಾಗುವ ಸ್ಪ್ರಿಂಗಿಗೂ ನಡುವೆ ತೂರಿಸಬೇಕು. ತಗಡಿಗೊಂದರಂತೆ ತಂತಿ ಬೆಸೆದು, ಎರಡನ್ನೂ ಅಂಗೈಯಗಲದ ಒತ್ತುಗುಂಡಿಗೆ ಸೇರಿಸಬೇಕು. ಬೊಂಬೆಯ ಸ್ವಂತ ಗುಂಡಿಯನ್ನು ಚಾಲೂ ಸ್ಥಿತಿಯಲ್ಲೇ (ಆನ್) ಇಟ್ಟರೆ, ಮಗು ಮೊಣಕೈಯಿಂದಲೋ ಗದ್ದದಿಂದಲೋ ಒತ್ತಿದಾಗ ಬೊಂಬೆ ನಡೆಯುತ್ತದೆ. ಎಲ್ಲವನ್ನೂ ಇತರರೇ ಮಾಡಿಕೊಡುತ್ತಿದ್ದ ಮಗುವಿಗೆ “ನಾನು ಒತ್ತಿದೆ, ಅದು ನಡೆಯಿತು” ಎಂಬ ಅರಿವು ಸಾಮಾನ್ಯವಾದುದಲ್ಲ.

ಹೊಟ್ಟೆಗೂ ಚಿಕಿತ್ಸೆಗೂ ಪರದಾಡುವ ಮನೆಗಳಲ್ಲಿ ಆಟಿಕೆಯ ಮಾತೇಕೆ ಎಂದು ಕೇಳುವವರುಂಟು. ಮೇಲೆ ಹೇಳಿದವುಗಳಿಗೆ ತಗಲುವುದು ಹಣಕ್ಕಿಂತ ಗಮನ. ಇನ್ನೂ ಒಂದು ಮಾತಿದೆ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ತೀವ್ರ ವೈಕಲ್ಯವುಳ್ಳ ಮಗು ಮನೆಯಲ್ಲಿಯೇ ಕಲಿಯುವುದನ್ನು ಆರಿಸಿಕೊಳ್ಳಬಹುದು. ಒಳ್ಳೆಯದೇ. ಆದರೆ ಪಾಠ ಮನೆಗೆ ಬಂದೀತು, ಜೊತೆಗಾರರು ಬರುವರೆ? ಬಾಗಿಲಾಚೆ ಓಣಿಯ ಮಕ್ಕಳ ಕೂಗನ್ನು ಕೇಳುತ್ತ ಕುಳಿತ ಮಗುವಿನ ಬಳಿಗೆ ಅವರನ್ನು ಕರೆತರಬಲ್ಲುದು ಆಟವೊಂದೇ. ಆದುದರಿಂದ ವಿಕಲಚೇತನ ಮಗುವಿಗೆಂದು ಬೇರೊಂದು ಆಟಿಕೆಯನ್ನು ಮಾಡಿ ಮೂಲೆಯಲ್ಲಿ ಕೂರಿಸುವುದಕ್ಕಿಂತ, ಎಲ್ಲರೂ ಆಡುವ ಆಟಿಕೆಯನ್ನು ಅದಕ್ಕೂ ಒಗ್ಗಿಸುವುದು ಲೇಸು. ಡೆನ್ಮಾರ್ಕಿನ ಲೆಗೊ ಸಂಸ್ಥೆಯವರು 2020ರಲ್ಲಿ ಹೊರತಂದ ಬ್ರೈಲ್ ಇಟ್ಟಿಗೆಗಳಲ್ಲಿ ಉಬ್ಬುಚುಕ್ಕೆಯೊಡನೆ ಅಚ್ಚಿನ ಅಕ್ಷರವೂ ಇದೆ; ಒಟ್ಟಿಗೆ ಆಡಲೆಂಬುದೇ ಅದರ ಅರ್ಥ.

ಇನ್ನು ನಮ್ಮ ಪಾಲಿನ ಕೆಲಸ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಹೋಬಳಿಯ ಊರಿನಲ್ಲಿ ಬಡಗಿ, ದರ್ಜಿ, ಸೈಕಲ್ ಮತ್ತು ಮೊಬೈಲ್ ರಿಪೇರಿಯವರು ಸಿಕ್ಕದೆ ಇರುವುದಿಲ್ಲ. ಯಾವ ಮನೆಯಲ್ಲಿ ಯಾವ ಮಗುವಿದೆಯೆಂಬುದು ಅಂಗನವಾಡಿ ಕಾರ್ಯಕರ್ತೆಯರಿಗೂ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಿಗೂ ತಿಳಿದಿರುತ್ತದೆ. ಇವರೆಲ್ಲರನ್ನೂ ಒಂದೆಡೆ ಸೇರಿಸುವವರು ಬೇಕು. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರ ಅದಕ್ಕೆ ತಕ್ಕ ಅವಕಾಶ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಲಾಗದು. ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಬೀಜ, ಗೆಜ್ಜೆ, ಗುಂಡಿ ಬ್ಯಾಟರಿಗಳು ಸಿಕ್ಕದಂತೆ ಭದ್ರಪಡಿಸಬೇಕು. ಎರಡನೆಯದು, ನಾವು ತೀರ್ಮಾನಿಸಿದ್ದನ್ನು ಕೊಟ್ಟು, ಫೋಟೋ ತೆಗೆಸಿಕೊಂಡು ಹಿಂದಿರುಗಬಾರದು. ಮಗುವಿಗೆ ಯಾವ ಆಟ ಇಷ್ಟ, ಯಾವ ಕೈ ಚೆನ್ನಾಗಿ ಆಡುತ್ತದೆ ಎಂದು ಮಗುವನ್ನೂ ತಾಯಿಯನ್ನೂ ಮೊದಲು ಕೇಳಬೇಕು. ತಿಂಗಳ ಮೇಲೆ ಮತ್ತೆ ಹೋಗಿ, ಅದು ಆಡುತ್ತಿದೆಯೇ ಅಥವಾ ಅಟ್ಟ ಸೇರಿದೆಯೇ ಎಂದು ನೋಡಬೇಕು. ಅಟ್ಟ ಸೇರಿದ್ದರೆ ಮತ್ತೆ ಬಿಚ್ಚಿ ತಿದ್ದಬೇಕು.

ಶಿಬಿರದಲ್ಲಿ ಗಿಡ ನೆಡುತ್ತೇವೆ, ಬೀದಿ ಗುಡಿಸುತ್ತೇವೆ. ಮುಂದಿನ ಶಿಬಿರದ ಕಾರ್ಯಕ್ರಮದಲ್ಲಿ ಈ ಕೆಲಸಕ್ಕೂ ಎರಡು ದಿನ ಮೀಸಲಾಗಲೆಂದು ಗುರುಗಳಲ್ಲಿ ವಿನಂತಿಸುತ್ತೇನೆ. ಬೆಸುಗೆ ಹಾಕಬಲ್ಲ, ಸೂಜಿ ಹಿಡಿಯಬಲ್ಲ ಸಹಪಾಠಿಗಳು ಈಗಲೇ ಹೆಸರು ಕೊಡಲಿ.