ಅಂಕಿ ಕೊಡುವ ಅಭಯ

ಕೆಲವು ವರ್ಷಗಳಿಂದ ನಮ್ಮ ಊರುಗಳಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ರೈಲು ನಿಲ್ದಾಣದಲ್ಲಿ ನಾಣ್ಯ ಹಾಕಿ ತೂಕದ ಚೀಟಿ ತೆಗೆದುಕೊಳ್ಳುತ್ತಿದ್ದವರ ಮನೆಗೇ ಈಗ ಗಾಜಿನ ತೂಕದ ಯಂತ್ರ ಬಂದಿದೆ. ಬರಿಗಾಲಲ್ಲಿ ಒಂದು ಗಳಿಗೆ ನಿಂತರೆ ಸಾಕು, ತೂಕದ ಜೊತೆಗೆ ಮೈಯ ಕೊಬ್ಬು ಶೇ 23.4 ಎಂದು ಮೊಬೈಲಿಗೆ ತಿಳಿಸುತ್ತದೆ. ಜಿಮ್‌ಗಳು ಹೊಸದಾಗಿ ಸೇರಿದವರಿಗೆ ಇಂಥದೇ ಲೆಕ್ಕದ ಹಾಳೆ ಕೊಡುತ್ತವೆ. ಕಚೇರಿಗಳ ಆರೋಗ್ಯ ಶಿಬಿರಗಳಲ್ಲೂ ಅದೇ ಹಾಳೆ. ತಮ್ಮ ಅಂಕಿ ಹಸಿರು ಪಟ್ಟಿಯೊಳಗೆ ಬಿದ್ದಿರುವುದನ್ನು ಕಂಡವರು ಹಾಳೆಯನ್ನು ಮಡಚಿಟ್ಟು ನಿರಾಳವಾಗುತ್ತಾರೆ. ಆ ಹಾಳೆಗಿಂತ ಈ ನಿರಾಳವೇ ನಮ್ಮನ್ನು ಹೆಚ್ಚು ಕಳವಳಕ್ಕೆ ದೂಡಬೇಕು. ದಶಮಾಂಶದವರೆಗೆ ಹೇಳುವ ಅಂಕಿ ನಿಖರವಾಗಿಯೇ ಇರಬೇಕೆಂದು ನಂಬುವುದು ಸುಲಭ. ಆ ನಂಬಿಕೆಗೆ ತೆರಬೇಕಾದ ಬೆಲೆ ಮಾತ್ರ ಹತ್ತು ಹದಿನೈದು ವರ್ಷಗಳ ನಂತರ ಗೊತ್ತಾಗುತ್ತದೆ.

ಮೊದಲಿಗೆ, ಈ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ನಮ್ಮ ಅರಿವಿಗೆ ಬಾರದಷ್ಟು ಸಣ್ಣ ವಿದ್ಯುತ್ತನ್ನು ಒಂದು ಪಾದದಿಂದ ಇನ್ನೊಂದಕ್ಕೆ ಹರಿಸಿ, ಅದಕ್ಕೆ ದೇಹ ಒಡ್ಡುವ ತಡೆಯನ್ನು ಅಳೆಯುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆ ಹೆಚ್ಚು. ಈ ಒಂದು ಅಳತೆಗೆ ತೂಕ, ಎತ್ತರ, ವಯಸ್ಸು, ಲಿಂಗಗಳನ್ನು ಸೇರಿಸಿ ತಯಾರಕರ ಸೂತ್ರವೊಂದು ಅಂದಾಜು ಕಟ್ಟುತ್ತದೆ. ಬೆವರಿ ನೀರು ಕಳೆದುಕೊಂಡ ದಿನ ಕೊಬ್ಬು ಹೆಚ್ಚೆಂದು ತೋರುತ್ತದೆ. ಕಾಲು ಬಾತು ನೀರು ತುಂಬಿಕೊಂಡ ರೋಗಿಗೆ, ವೈದ್ಯರನ್ನು ಕಾಣಲೇಬೇಕಾದ ಹೊತ್ತಿನಲ್ಲಿ, ಕೊಬ್ಬು ಕಡಿಮೆಯೆಂದು ತೋರಬಹುದು. ಒಂದು ಕಾಲಿನಿಂದ ಹತ್ತಿದ ವಿದ್ಯುತ್ ಇನ್ನೊಂದು ಕಾಲಿನಿಂದ ಇಳಿದುಹೋಗುವುದರಿಂದ ನಡುವಿನಿಂದ ಮೇಲಿನ ದೇಹದ ಸಮಾಚಾರ ಅದಕ್ಕೆ ಬಹುಪಾಲು ಸಿಗುವುದಿಲ್ಲ. ಆದರೂ ಹೊಟ್ಟೆಯೊಳಗಿನ ಕೊಬ್ಬಿಗೂ ಅದು ಒಂದು ಅಂಕಿ ಕೊಡುತ್ತದೆ. ಅನೇಕ ಯಂತ್ರಗಳಲ್ಲಿ ಕ್ರೀಡಾಪಟು ಎಂಬ ಆಯ್ಕೆಯಿದೆ. ಅದನ್ನು ಒತ್ತಿದರೆ ಅದೇ ದೇಹದ ಕೊಬ್ಬು ಅದೇ ನಿಮಿಷದಲ್ಲಿ ಇಳಿದುಬಿಡುತ್ತದೆ. ಅಂಕಿ ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಉಳಿದ ವಿಧಾನಗಳಿಗೂ ತಮ್ಮದೇ ಮಿತಿಗಳಿವೆ. ಚರ್ಮದ ಮಡಿಕೆಯನ್ನು ಚಿಮಟಿಗೆಯಂಥ ಕ್ಯಾಲಿಪರ್‌ನಿಂದ ಹಿಡಿದು ಅಳೆಯುವ ಕ್ರಮಕ್ಕೆ ಡರ್ನಿನ್ ಮತ್ತು ವೊಮರ್ಸ್ಲಿ ಎಂಬ ಸಂಶೋಧಕರು 1974ರಲ್ಲಿ ಸೂತ್ರ ಕೊಟ್ಟರು. ಪಳಗಿದ ಕೈಯಲ್ಲಿ ಅದು ನಂಬತಕ್ಕದ್ದು, ಹೊಸಬರ ಕೈಯಲ್ಲಿ ಮಡಿಕೆ ಒಂದಿಷ್ಟು ಜರುಗಿದರೂ ಲೆಕ್ಕ ತಪ್ಪುತ್ತದೆ. ನೀರಿನಲ್ಲಿ ಮುಳುಗಿಸಿ ತೂಗುವ ಕ್ರಮವನ್ನು ಬಹುಕಾಲ ಆದರ್ಶವೆಂದು ಭಾವಿಸಲಾಗಿತ್ತು. ಅದರ ಬೆನ್ನಿಗಿರುವ, ಸಿರಿ ಎಂಬವರ 1961ರ ಸೂತ್ರವು ಕೊಬ್ಬಿನ ಸಾಂದ್ರತೆ 0.9, ಉಳಿದ ದೇಹದ್ದು 1.1, ಎಲ್ಲರಿಗೂ ಒಂದೇ ಎಂದು ಹಿಡಿಯುತ್ತದೆ. ಮೂಳೆ ಸವೆದ ಅಜ್ಜಿಗೂ ಬೆಳೆಯುವ ಹುಡುಗನಿಗೂ ಅದು ಒಂದೇ ಆಗಿರಲಾರದು. ಎರಡು ಬಗೆಯ ಎಕ್ಸ್‌ರೇ ಬಳಸುವ ಡೆಕ್ಸಾ ಸ್ಕ್ಯಾನ್ ಇವೆಲ್ಲಕ್ಕಿಂತ ಮೇಲು, ಕೊಬ್ಬು ಎಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಆದರೆ ಬೇರೆ ಬೇರೆ ಕಂಪನಿಗಳ ಡೆಕ್ಸಾ ಯಂತ್ರಗಳು ಒಬ್ಬರಿಗೇ ಬೇರೆ ಬೇರೆ ಅಂಕಿ ಕೊಡುವುದುಂಟು. ಮನೆಯ ಯಂತ್ರದಲ್ಲಾಗಲಿ ಕ್ಯಾಲಿಪರ್‌ನಲ್ಲಾಗಲಿ, ಒಬ್ಬ ವ್ಯಕ್ತಿಯ ಮಟ್ಟಿಗೆ ನಾಲ್ಕೈದು ಅಂಶಗಳ ಏರುಪೇರು ಅಸಹಜವೇನಲ್ಲ. ಶೇ 23 ಎಂದು ತೋರಿದ್ದು 19 ಇರಬಹುದು, 27 ಇರಬಹುದು. ಒಂದು ಹಸಿರು, ಇನ್ನೊಂದು ಕೆಂಪು.

ಇಂಥ ಅಭಯವನ್ನು ನಂಬಿ ನಾವು ಹಿಂದೆಯೂ ಮೋಸಹೋಗಿದ್ದೇವೆ. ಮೊದಲು ಬರೀ ತೂಕವನ್ನು ನಂಬಿದ್ದಾಯಿತು. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಹ್ನ್ಕೆ, ತೂಕದ ಪಟ್ಟಿಯ ಪ್ರಕಾರ ಸೇವೆಗೆ ಅನರ್ಹರಾಗುತ್ತಿದ್ದ ಫುಟ್‌ಬಾಲ್ ಆಟಗಾರರ ಮೈಯಲ್ಲಿ ಕೊಬ್ಬು ಕಡಿಮೆ, ಸ್ನಾಯುವೇ ಹೆಚ್ಚು ಎಂದು ತೋರಿಸಿಕೊಟ್ಟರು. ಆಮೇಲೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಬಂತು. ಬೆಲ್ಜಿಯಂನ ಕೆಟ್ಲೆ 1830ರ ದಶಕದಲ್ಲಿ ಜನಸಮೂಹದ ಸರಾಸರಿಯನ್ನು ವಿವರಿಸಲು ಕಂಡುಕೊಂಡ ಲೆಕ್ಕವದು. ಅದನ್ನೇ ಒಬ್ಬೊಬ್ಬರ ಆರೋಗ್ಯದ ತೀರ್ಪಾಗಿ ಒಪ್ಪಿಕೊಂಡೆವು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯೂಡ್ಕಿನ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಅಳತೆಗಳನ್ನು ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಡೆಕ್ಸಾದಲ್ಲಿ ಯೂಡ್ಕಿನ್ನರ ಕೊಬ್ಬು ಶೇ 9.1, ಯಾಜ್ಞಿಕರದು ಶೇ 21.2. ಒಬ್ಬರು ಮ್ಯಾರಥಾನ್ ಓಡುವವರು ಎಂಬುದನ್ನೂ ಅವರು ಮರೆಮಾಚಲಿಲ್ಲ. ಆದರೆ ಬಿಎಂಐ ಇಬ್ಬರಿಗೂ ಒಂದೇ ಅಭಯ ಕೊಟ್ಟಿತ್ತು.

ನಮ್ಮ ಮೈಸೂರೂ ಎಚ್ಚರಿಸಿತ್ತು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳನ್ನು ಸಂಶೋಧಕರು ಅದೇ ಸಾದಾ ಕ್ಯಾಲಿಪರ್‌ನಿಂದ ಅಳೆದರು. ಬ್ರಿಟನ್ನಿನ ಶಿಶುಗಳಿಗಿಂತ ಇವು ತೂಕದಲ್ಲೂ ಸ್ನಾಯುವಿನಲ್ಲೂ ಕಡಿಮೆ. ಬೆನ್ನಿನ ಮೇಲಿನ ಕೊಬ್ಬು ಮಾತ್ರ ಅಷ್ಟು ಕಡಿಮೆಯಿರಲಿಲ್ಲ. ನಾಲ್ಕನೆಯ ವಯಸ್ಸಿಗೆ ಆ ಮಡಿಕೆ ಬ್ರಿಟಿಷ್ ಮಕ್ಕಳದಕ್ಕಿಂತ ದಪ್ಪವಾಗಿತ್ತು. ತೆಳ್ಳಗಿದ್ದಾನೆ, ಏನೂ ಆಗದು ಎಂಬ ಮನೆಮಾತು ನಮ್ಮ ಮಕ್ಕಳ ಮಟ್ಟಿಗೆ ಎಷ್ಟು ಪೊಳ್ಳು ಎಂದು ಅಳೆದು ತೋರಿಸಿದ ಕೆಲಸವದು. ನಾವು ಕಿವಿಗೊಡಲಿಲ್ಲ.

ಈಗಿನ ಚಿಹ್ನೆಗಳನ್ನು ನೋಡಿ. ತೋಳು ತೆಳ್ಳಗೆ, ಹೊಟ್ಟೆ ಮುಂದೆ. ಬೆಲ್ಟಿನ ತೂತು ವರ್ಷಕ್ಕೊಂದು ಆಚೆ ಸರಿಯುತ್ತದೆ. ಸಡಿಲವಾಗಿದ್ದ ಉಡಿದಾರ ಚರ್ಮಕ್ಕೆ ಒತ್ತುತ್ತದೆ. ತೂಕ ಏರಿಲ್ಲವಲ್ಲ ಎಂದು ಸುಮ್ಮನಾಗುತ್ತೇವೆ. ತೂಕ ಏರದೆ ನಡು ದಪ್ಪವಾಗಿದ್ದರೆ, ಸ್ನಾಯು ಕರಗಿ ಅದರ ಜಾಗಕ್ಕೆ ಕೊಬ್ಬು ಬಂದಿರುವ ಸಾಧ್ಯತೆ ಹೆಚ್ಚು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೂ ನಾವು ನಡುವನ್ನು ಬಿಟ್ಟು ಪಾದದಡಿಯ ಯಂತ್ರವನ್ನು ಕೇಳುತ್ತಿದ್ದೇವೆ.

ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ ಎಂಬುದು ಊಹೆಯ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕ ಇದು: ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ವಯಸ್ಕರಲ್ಲಿ ಹೊಟ್ಟೆಯ ಬೊಜ್ಜು ಶೇ 39.5. ಹೊಸ್ತಿಲಲ್ಲಿರುವವರಲ್ಲಿ ಹಸಿರು ಪಟ್ಟಿ ಕಂಡು ಹಾಳೆ ಮಡಚಿಟ್ಟವರೂ ಇದ್ದಾರು.

ಯಂತ್ರವನ್ನು ಎಸೆಯಬೇಕಾಗಿಲ್ಲ. ಅದೇ ಯಂತ್ರ, ಅದೇ ಬೆಳಗಿನ ಹೊತ್ತು, ಖಾಲಿ ಹೊಟ್ಟೆ. ಹೀಗೆ ತಿಂಗಳುಗಟ್ಟಲೆ ಬರೆದಿಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರ ಸುಳಿವು ಸಿಕ್ಕೀತು. ಒಂದು ದಿನದ ಅಂಕಿ ಏನನ್ನೂ ಹೇಳದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಯಂತ್ರದ ಮೇಲೆ ನಿಲ್ಲಲೇಬಾರದು.

ದರ್ಜಿಯ ಟೇಪು ಹೆಚ್ಚು ಪ್ರಾಮಾಣಿಕ. ನಡುವಿನ ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದು. ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಗೆರೆ ದಾಟಿದ್ದರೆ, ಯಂತ್ರ ಏನೇ ಹೇಳಲಿ, ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯಿದ್ದರೆ ಗೆರೆ ದಾಟುವವರೆಗೂ ಕಾಯಬೇಡಿ.

ಶಿಬಿರ ನಡೆಸುವವರಿಗೂ ಒಂದು ಮಾತು. ಶೇಕಡಾ ಅಂಕಿ ಕೊಡುವ ಪ್ರತಿ ಹಾಳೆಯಲ್ಲಿ ಅದು ಎಷ್ಟು ಆಚೀಚೆ ಆಗಬಹುದು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ಅದರ ಪಕ್ಕದಲ್ಲಿ ನಡುವಿನ ಅಳತೆ ಬರೆಯಿರಿ.

ಕೊಬ್ಬು ನಿಧಾನವಾಗಿ ಸೇರುತ್ತದೆ, ನೋವು ಕೊಡುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ. ಈ ವಾರವೇ ಟೇಪು ಹಿಡಿದು ನಿಮ್ಮ ನಡುವನ್ನೂ ಮನೆಯವರ ನಡುವನ್ನೂ ಅಳೆಯಿರಿ.